ಚೀಸ್ ಸರಿ, ಎಣ್ಣೆಗಾಯಿಗೆ ಯಾವ ವೈನ್?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವೈನ್ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಈ ವಿಷಯ ಬಂತಲ್ಲ ಅಂತ ಖುಷಿಯಿಂದ ಓದಲು ಕೂತೆ. ಯಾವ ಚೀಸ್‌ಗೆ ಯಾವ ವೈನ್, ಪಾಸ್ತಾಕ್ಕೆ ಯಾವುದು, ಚಾಕಲೇಟಿಗೆ ಯಾವುದು ಎಂದೆಲ್ಲ ವಿವರವಾಗಿ ಇತ್ತು. ಪುಟ ಮುಗಿಯಿತು. ಒಂದು ಗಸಿ ಇಲ್ಲ, ಒಂದು ಪಲ್ಯ ಇಲ್ಲ, ಒಂದು ರೊಟ್ಟಿ ಇಲ್ಲ. ಓದಿದ ನಮ್ಮ ಮನೆಯ ಒಲೆ ಮೇಲೆ ಆಗ ಕುದಿಯುತ್ತಿದ್ದುದು ಬಂಗುಡೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು. ಕತ್ತರಿ ಹಾಕುವುದಿದ್ದರೆ ನನ್ನ ಮನೆಯ ಸುದ್ದಿಗೆ ಹಾಕಿ, ಅಡುಗೆಯ ಸುದ್ದಿಗೆ ಬೇಡ.

ನಾವು ಬೊರಿವಲಿ ಪಶ್ಚಿಮಕ್ಕೆ ಬಂದು 26 ವರ್ಷ ಆಯಿತು. ನಾನು ಉಡುಪಿ ಕಡೆಯವಳು. ಮನೆಯವರು ವಿಜಯಪುರದ ತಿಕೋಟಾ ಕಡೆಯವರು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ದಿನ ಕುಚ್ಚಲಕ್ಕಿ ಅನ್ನ, ಮೀನು. ಇನ್ನೊಂದು ದಿನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮದುವೆಯಾದ ಹೊಸದರಲ್ಲಿ ಇದೇ ದೊಡ್ಡ ಜಗಳ. ಈಗ ಇದೇ ನಮ್ಮ ಮನೆಯ ರುಚಿ.

ವೈನ್ ನಮ್ಮ ಮನೆಗೆ ಬಂದದ್ದು 11 ವರ್ಷದ ಹಿಂದೆ. ಮಗಳು ಮೊದಲ ಸಂಬಳದಲ್ಲಿ ಒಂದು ಕೆಂಪು ವೈನ್ ಬಾಟಲಿ ತಂದಳು. ನಾನು ಮುಖ ಸಿಂಡರಿಸಿದೆ. ಕಾರಣ ಇತ್ತು. ನಾನು ದೊಡ್ಡಪ್ಪನ ಕುಡಿತ ನೋಡಿ ಬೆಳೆದವಳು. ಸಂಜೆಯಾದರೆ ಮಕ್ಕಳೆಲ್ಲ ಒಳಗಿನ ಕೋಣೆ ಸೇರುತ್ತಿದ್ದೆವು. ದೊಡ್ಡಮ್ಮ ಬಡಿಸಿಟ್ಟ ಬಟ್ಟಲು ಆರಿ ತಣ್ಣಗಾಗುತ್ತಿತ್ತು. ಅವರು ಊಟ ಮಾಡುತ್ತಲೇ ಇರಲಿಲ್ಲ, ಬರೀ ಕುಡಿಯುತ್ತಿದ್ದರು. ಆ ಮನೆಯಲ್ಲಿ ಬಾಟಲಿ ಅಂದರೆ ಅನ್ನದ ಶತ್ರು. ಮಗಳಿಗೆ ಅದನ್ನೇ ಹೇಳಿದೆ. ಅವಳು, 'ಅಮ್ಮಾ, ಇದನ್ನು ಊಟದ ಜೊತೆ ಇಡೋಣ, ಊಟ ಮುಗಿದ ಮೇಲೆ ಎತ್ತಿಬಿಡೋಣ' ಅಂದಳು. ಅವತ್ತು ಅವಳು ಹೇಳಿದ್ದೇ ನಮ್ಮ ಮನೆಯ ಕಟ್ಟಳೆ ಆಗಿಬಿಟ್ಟಿದೆ. ಬಡಿಸುವ ಮೊದಲು ಬಾಟಲಿ ತೆರೆಯುವುದಿಲ್ಲ. ಕೈ ತೊಳೆದ ಮೇಲೆ ಗ್ಲಾಸು ತುಂಬುವುದಿಲ್ಲ.

ಆದರೆ ಆ ಮೊದಲ ರಾತ್ರಿ ಕೆಟ್ಟುಹೋಯಿತು. ಅಡುಗೆ ಬಂಗುಡೆ ಪುಳಿಮುಂಚಿ. ಬ್ಯಾಡಗಿ ಮೆಣಸು, ಹುಳಿ, ಸ್ವಲ್ಪ ಓಮ ಹಾಕಿ ಅರೆದು, ಮಣ್ಣಿನ ಮಡಕೆಯಲ್ಲಿ ಮಾಡಿದ್ದೆ. ಒಂದು ತುತ್ತು ಮೀನು ತಿಂದು ಒಂದು ಗುಟುಕು ಕೆಂಪು ವೈನ್ ಕುಡಿದದ್ದೇ ತಡ, ಬಾಯೆಲ್ಲ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ. ಮೀನಿನ ಹಸಿ ವಾಸನೆ ಮೂಗಿಗೆ ಹೊಡೆಯಿತು. ಖಾರ ಎರಡು ಪಟ್ಟಾಯಿತು. ಮೀನೇ ಹಳಸಿದೆ ಅಂದುಕೊಂಡೆ. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಮೌಶಿಯನ್ನು ಮನಸ್ಸಿನಲ್ಲೇ ಬೈದೆ. ವೈನ್ ಬದಿಗಿಟ್ಟು ನೀರು ಕುಡಿದು ಮತ್ತೆ ತಿಂದರೆ ಮೀನು ಚೆನ್ನಾಗಿಯೇ ಇತ್ತು!

ಯಾಕೆ ಹೀಗಾಯಿತು ಅಂತ ಆಮೇಲೆ ಹುಡುಕಿ ಓದಿದೆ. 2009ರಲ್ಲಿ ಜಪಾನಿನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ದರು. ವೈನಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಜಾಸ್ತಿ. ಅದು ಮೀನಿನ ಎಣ್ಣೆಗೆ ತಾಗಿದರೆ ಆ ಹಸಿ ವಾಸನೆ ಏಳುತ್ತದೆ. ಬಂಗುಡೆ, ಬೂತಾಯಿ ನಮ್ಮ ಕಡಲಿನ ಎಣ್ಣೆ ಮೀನುಗಳು. ಅವುಗಳ ಜೊತೆ ಕೆಂಪು ವೈನ್ ಇಟ್ಟರೆ ಹೀಗಾಗದೆ ಇನ್ನೇನು? ಖಾರ ಏರಿದ್ದಕ್ಕೂ ಕಾರಣ ಇದೆ. ಕೆಂಪು ವೈನಿನ ಒಗರು ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರುವುದು. ಒಗರು ಮತ್ತು ಖಾರ ಸೇರಿದರೆ ಬಾಯಿ ಇನ್ನೂ ಉರಿಯುತ್ತದೆ. ಆಲ್ಕೋಹಾಲ್ ಉರಿಗೆ ತುಪ್ಪ ಸುರಿದ ಹಾಗೆ.

ಇಷ್ಟು ತಿಳಿದ ಮೇಲೆ ಇನ್ನೊಂದು ಶನಿವಾರ ಅದೇ ಪುಳಿಮುಂಚಿ ಮಾಡಿ, ನಾಸಿಕ್‌ನ ಶೆನಿನ್ ಬ್ಲಾಂಕ್ ತಂದೆವು. ಇದು ಬಿಳಿ ವೈನ್, ಸಣ್ಣಗೆ ಸಿಹಿ ಇರುತ್ತದೆ. ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗೆ ಮಾಡಿದ್ದೆ. ಎಳನೀರು ಕುಡಿದಾಗ ಖಾರ ಇಳಿಯುತ್ತದಲ್ಲ, ಹಾಗೆ ಇಳಿಯಿತು. ಹುಳಿಗೆ ಹುಳಿ ಸೇರಿತು, ಮೆಣಸಿಗೆ ಸಿಹಿ ಸಿಕ್ಕಿತು. ಮನೆಯವರು ಮಾತಾಡದೆ ಎರಡನೇ ಮೀನು ಹಾಕಿಸಿಕೊಂಡರು. ಅವರು ಬಯಲುಸೀಮೆಯವರು, ಒಂದೇ ಮೀನು ತಿಂದು ಏಳುವವರು. ಅವತ್ತು ನನಗೆ ನಂಬಿಕೆ ಬಂತು.

ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಬಲಗಡೆ ಅಡುಗೆ, ಎಡಗಡೆ ವೈನ್, ಕೆಳಗೆ ಹೇಗಿತ್ತು ಅಂತ ಒಂದು ಸಾಲು. ಅದರಿಂದ ಕೆಲವನ್ನು ಹೇಳುತ್ತೇನೆ.

ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಸೊವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್. ಇಲ್ಲಿ ಮರುವಾಯಿಗೆ ತಿಸ್ರ್ಯಾ ಅನ್ನುತ್ತಾರೆ. ಹಸಿ ತೆಂಗಿನತುರಿ, ಕೊತ್ತಂಬರಿ ಮಸಾಲೆ, ಚಿಪ್ಪಿನೊಳಗಿನ ಉಪ್ಪುನೀರು. ಆ ವೈನಿನಲ್ಲಿ ಹಸಿ ಹುಲ್ಲಿನ, ಹಸಿಮೆಣಸಿನಕಾಯಿಯ ಪರಿಮಳ ಇದೆ. ಲಿಂಬೆ ಹಿಂಡಿದ ಹಾಗೆ ಕೆಲಸ ಮಾಡುತ್ತದೆ. ಕೋರಿ ಗಸಿಗೂ ಕೋರಿ ರೊಟ್ಟಿಗೂ ಮತ್ತೆ ಶೆನಿನ್ ಬ್ಲಾಂಕೇ ಸರಿ. ತೆಂಗಿನಹಾಲಿನ ದಪ್ಪಕ್ಕೆ ತೆಳು ವೈನ್ ನಿಲ್ಲುವುದಿಲ್ಲ. ರವೆ ಹಚ್ಚಿ ಕರಿದ ಬೊಂಬಿಲ್ ಮೀನು ಇದ್ದರೆ ಬುರುಗು ಏಳುವ, ಸಿಹಿ ಇಲ್ಲದ ಬ್ರೂಟ್ ವೈನ್. ಬೊಂಬಿಲ್ ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಆ ಗುಳ್ಳೆಗಳು ನಾಲಿಗೆ ಮೇಲಿನ ಎಣ್ಣೆಯನ್ನು ತೊಳೆದುಕೊಂಡು ಹೋಗುತ್ತವೆ, ಮುಂದಿನ ತುಂಡು ಮೊದಲ ತುಂಡಿನಷ್ಟೇ ಹೊಸದಾಗಿರುತ್ತದೆ. ಮುಂಬೈಯಲ್ಲಿ ಇದ್ದು ಇದನ್ನು ಒಮ್ಮೆಯೂ ಜೊತೆಗಿಟ್ಟು ನೋಡದೆ ಇರಬೇಡಿ ಅಂತ ವೈನ್ ಕುಡಿಯುವ ಗೆಳತಿಯರಿಗೆಲ್ಲ ಹೇಳುತ್ತಿರುತ್ತೇನೆ.

ಇನ್ನು ಎಣ್ಣೆಗಾಯಿ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ. ಗುಂಡು ಬದನೆಗೆ ನಾಲ್ಕು ಸೀಳು ಹಾಕಿ, ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಚೂರು ಬೆಲ್ಲ, ಹುಣಸೆ, ಖಾರದಪುಡಿ ತುಂಬಿ, ಎಣ್ಣೆ ಮೇಲೆ ತೇಲುವ ತನಕ ಸಣ್ಣ ಉರಿಯಲ್ಲಿ ಬೇಯಿಸುತ್ತೇವೆ. ನನ್ನ ಅತ್ತೆ ಕಲಿಸಿದ್ದು. ಗುರೆಳ್ಳಿಗೂ ಶೇಂಗಾಕ್ಕೂ ಹುರಿದ ಸಣ್ಣ ಕಹಿ ಇದೆ. ಬದನೆಯ ಸಿಪ್ಪೆಗೆ ಒಗರಿದೆ. ಜೋಳದ ರೊಟ್ಟಿಗೆ ಸುಟ್ಟ ವಾಸನೆ ಇದೆ. ಇಲ್ಲಿ ಕೆಂಪು ವೈನಿಗೆ ಜಾಗ ಸಿಗುತ್ತದೆ. ಶೇಂಗಾದ ಎಣ್ಣೆ ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ. ನಾವು ಇಡುವುದು ಶಿರಾಜ್. ಶಿರಾಜ್ ಮೂಸಿದರೆ ಕರಿಮೆಣಸಿನ ವಾಸನೆ ಬರುತ್ತದೆ. ಅದು ನಮ್ಮ ಕಲ್ಪನೆಯಲ್ಲ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದಕ್ಕೆ ಕಾರಣವಾದ ಅಂಶವನ್ನು ಗುರುತಿಸಿದರು. ಹೆಸರು ರೊಟಂಡೋನ್. ಕರಿಮೆಣಸಿನ ಕಾಳಿನಲ್ಲಿರುವುದೂ ಅದೇ. ಹಾಗಾಗಿ ಎಣ್ಣೆಗಾಯಿ ಮಾಡುವ ದಿನ ಖಾರದಪುಡಿ ಅರ್ಧ ಕಡಿಮೆ ಮಾಡಿ ಅಷ್ಟು ಕರಿಮೆಣಸು ಕುಟ್ಟಿ ಹಾಕುತ್ತೇನೆ. ಅತ್ತೆ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ಆದರೆ ರುಚಿ ಬಹಳ ಚೆನ್ನಾಗಿ ಕೂಡುತ್ತದೆ.

ಝುಣಕಾ, ರೊಟ್ಟಿ, ಹಸಿ ಈರುಳ್ಳಿ ಇದ್ದರೆ ತಣ್ಣಗಿನ ರೋಸೆ, ಅಂದರೆ ತಿಳಿ ಗುಲಾಬಿ ಬಣ್ಣದ ವೈನ್, ಸಾಕು.

ಸೇರದೇ ಇರುವುದೂ ಇದೆ. ಸಾರು ಅನ್ನಕ್ಕೆ ಯಾವ ವೈನೂ ಬೇಡ. ಸಾರು ತಾನೇ ಕುಡಿಯುವ ವಸ್ತು, ಅದರ ಪಕ್ಕದಲ್ಲಿ ಇನ್ನೊಂದು ಕುಡಿಯುವ ವಸ್ತು ಯಾಕೆ? ಮಾವಿನ ಮಿಡಿ ಉಪ್ಪಿನಕಾಯಿ ಒಂದು ಚೂರು ನೆಕ್ಕಿದರೆ ಆಮೇಲೆ ಯಾವ ವೈನೂ ನೀರೇ. ಮೊಸರನ್ನ ಬಂತೆಂದರೆ ಗ್ಲಾಸು ಎತ್ತಿಡಬೇಕು. ಪುಸ್ತಕಗಳಲ್ಲಿ ಬರೆಯುವ ಊಟದಲ್ಲಿ ಒಂದಾದ ಮೇಲೊಂದು ತಟ್ಟೆ ಬರುತ್ತದೆ, ಒಂದೊಂದಕ್ಕೆ ಒಂದೊಂದು ವೈನ್. ನಮ್ಮ ತಟ್ಟೆಯಲ್ಲಿ ಪಲ್ಯ, ಗಸಿ, ಚಟ್ನಿ, ಹಪ್ಪಳ ಎಲ್ಲ ಒಟ್ಟಿಗೇ ಕೂತಿರುತ್ತವೆ. ಹಾಗಾಗಿ ಆ ದಿನದ ತಟ್ಟೆಯಲ್ಲಿ ಜೋರಾದ ಅಡುಗೆ ಯಾವುದೋ ಅದಕ್ಕೆ ಹೊಂದುವ ವೈನ್ ಇಟ್ಟರೆ ಸಾಕು. ಉಳಿದವು ಹೊಂದಿಕೊಳ್ಳುತ್ತವೆ. ಇಷ್ಟು ಸಣ್ಣ ಮಾತನ್ನು ಯಾರೂ ಬರೆಯುವುದಿಲ್ಲವಲ್ಲ ಅಂತ ನನಗೆ ಬೇಜಾರು.

ಇನ್ನೊಂದು ಮಾತು, ನಿಮ್ಮ ಲೇಖನದಲ್ಲಿ 'ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಕುಡಿಯಬೇಕು' ಎಂದು ಇತ್ತು. ಯಾರ ಕೋಣೆ? ಹಳೆಯ ಕಾಲದ ಯುರೋಪಿನ ಚಳಿ ಮನೆಗಳ ಮಾತು ಅದು. ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸರಿ. ನಮ್ಮ ಅಡುಗೆಮನೆಯಲ್ಲಿ ಏಪ್ರಿಲ್ ತಿಂಗಳ ರಾತ್ರಿ ಎಂಟಕ್ಕೂ 30 ಡಿಗ್ರಿ ಮೇಲೆ ಇರುತ್ತದೆ. ಆ ಬಿಸಿಯಲ್ಲಿ ವೈನ್ ಕುಡಿದರೆ ಬರೀ ಸ್ಪಿರಿಟ್ ವಾಸನೆ. ರೊಟ್ಟಿ ಹಿಟ್ಟು ನಾದಲು ಶುರು ಮಾಡುವ ಒಂದು ಗಂಟೆ ಮೊದಲೇ ಬಾಟಲಿಯನ್ನು ಫ್ರಿಜ್‌ಗೆ ಇಡಿ. ಐದಾರು ರೊಟ್ಟಿ ಬಡಿದು ಮುಗಿಯುವಷ್ಟರಲ್ಲಿ ಅದು ಸರಿಯಾಗಿರುತ್ತದೆ. ಬಿಳಿ ವೈನಾದರೆ ಮಧ್ಯಾಹ್ನವೇ ಇಟ್ಟುಬಿಡಿ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಗಳೇ ಮನೆಗೆ ಒಳ್ಳೆಯದು. ಉಳಿದದ್ದನ್ನು ಗಟ್ಟಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚಿಂತೆಯಿಲ್ಲ.

ಬಿಸಿಯ ವಿಷಯ ಬಂದದ್ದಕ್ಕೆ ಒಂದು ದೂರು ಹೇಳಬೇಕು. ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಂದು ಅಂಗಡಿಯಿಂದ ಬಿಳಿ ವೈನ್ ತಂದೆವು. ಬಾಟಲಿಗಳನ್ನು ಗಾಜಿನ ಪಕ್ಕ ನಿಲ್ಲಿಸಿದ್ದರು. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಮನೆಗೆ ತಂದು ಬಗ್ಗಿಸಿದರೆ ತಿಳಿ ಹಳದಿ ಇರಬೇಕಾದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ನನಗೆ ಗೊತ್ತಾಗಲಿಲ್ಲ. ಮನೆಯವರು ಮೂಸಿದ ಕೂಡಲೇ, 'ಇದು ಬಿಸಿಲಿಗೆ ಬಿದ್ದ ಮಾಲು' ಅಂದರು. ಹಿಂದಿರುಗಿಸಲು ಹೋದರೆ ಅಂಗಡಿಯವರು 'ತೆರೆದ ಬಾಟಲಿ ತಗೊಳ್ಳಲ್ಲ' ಅಂದರು. ತೆರೆಯದೆ ಕೆಟ್ಟಿದೆ ಅಂತ ಹೇಗೆ ತಿಳಿಯಬೇಕು ಹೇಳಿ. ದುಡ್ಡು ಹೋದದ್ದಕ್ಕಿಂತ, ಯಾರೋ ಒಬ್ಬ ರೈತ ಬೆಳೆದ ಹಣ್ಣು ಹೀಗಾಯಿತಲ್ಲ ಅಂತ ಹೆಚ್ಚು ಸಂಕಟವಾಯಿತು.

ಮನೆಯವರಿಗೆ ಗೊತ್ತಾದದ್ದು ಹೇಗೆ ಅಂದರೆ, ಅವರು ಒಣದ್ರಾಕ್ಷಿ ಮನೆತನದವರು. ಮೈದುನ ಈಗಲೂ ತಿಕೋಟಾ ಕಡೆ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾರೆ. ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್‌ನಲ್ಲಿ ಬಳ್ಳಿ ಕಟ್ಟಲು, ಅಕ್ಟೋಬರ್‌ನಲ್ಲಿ ಹಣ್ಣಿಗೆ. ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಸುಮಾರಿಗೆ ಕೊಯ್ಲು ಅಂತೆ, ನಮ್ಮಲ್ಲಿ ಜನವರಿಯಿಂದ ಮಾರ್ಚ್. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನಲ್ಲಿ ಬಲೆಗಳ ಮೇಲೆ ಹರಡುತ್ತಾರೆ. ಹದಿನೈದು ದಿನ ನೆರಳಲ್ಲಿ ಗಾಳಿಗೆ ಒಣಗಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಬಿಸಿಲು ತಾಗಿದರೆ ಹಸಿರು ಹೋಗಿ ಕಂದು ಬಣ್ಣ, ಬೆಲೆ ಬಿದ್ದುಹೋಗುತ್ತದೆ. ಆ ಶೆಡ್ಡಿನಲ್ಲಿ ಒಂದು ಮೂಲೆಗೆ ಪರದೆ ಹರಿದು ಬಿಸಿಲು ಬಿದ್ದದ್ದನ್ನು ನಾನೂ ನೋಡಿದ್ದೇನೆ. ಅಂಗೈಯಗಲದ ಜಾಗ. ಅಲ್ಲಿನ ಕಾಳುಗಳನ್ನು ಅತ್ತೆ ಕೂತು ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಆ ಕಾಳಿನ ವಾಸನೆಯೇ ಆ ಬಾಟಲಿಯಲ್ಲಿತ್ತು.

ಹಾಗಾಗಿ ನಮಗೆ ವೈನ್ ಅಂದರೆ ವಿದೇಶದ ವಸ್ತು ಅನ್ನಿಸುವುದಿಲ್ಲ. ನಿಮ್ಮ ಲೇಖನದಲ್ಲಿ ಫ್ರಾನ್ಸ್, ಇಟಲಿ ಮಾತ್ರ ಇತ್ತು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಮೊದಲ ವೈನ್ ಬಂದದ್ದು 1992ರಲ್ಲಿ. ನಾಸಿಕ್‌ನಲ್ಲಿ ಸುಲಾ ವೈನ್ ಕಂಪನಿ ಶುರುವಾದದ್ದು 1999ರಲ್ಲಿ, ಮಾರನೇ ವರ್ಷ ಮೊದಲ ವೈನ್. ಅದಕ್ಕೂ ಮೊದಲೇ ಪುಣೆ ಹತ್ತಿರದ ನಾರಾಯಣಗಾಂವ್‌ನಲ್ಲಿ ಬುರುಗಿನ ವೈನ್ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರು. ಸೊಲ್ಲಾಪುರ ಜಿಲ್ಲೆಯ ಅಕಲೂಜ್‌ನಲ್ಲಿ ಫ್ರಾತೆಲ್ಲಿ ವೈನ್ ಕಂಪನಿಯವರ ತೋಟ ಇದೆ. ಅಲ್ಲಿಂದ ನಮ್ಮ ವಿಜಯಪುರ ದೂರವೇನಲ್ಲ, ಬಿಸಿಲೂ ಹೆಚ್ಚುಕಡಿಮೆ ಒಂದೇ. ಕರ್ನಾಟಕ ಸರ್ಕಾರವೂ 2007ರಲ್ಲಿ ವೈನ್ ನೀತಿ ತಂದಿತು. ಆದರೂ ನಮ್ಮ ಕಡೆ ಬೆಳೆಯುವುದು ಬಹುಪಾಲು ಥಾಮ್ಸನ್ ತಳಿ, ತಿನ್ನಲು ಮತ್ತು ಒಣಗಿಸಲು. ವೈನ್ ದ್ರಾಕ್ಷಿಯ ಕಾಳು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಮೈದುನ ಒಮ್ಮೆ ಅದನ್ನು ಹಾಕುವ ಯೋಚನೆ ಮಾಡಿದ್ದರು. 'ಕೊಳ್ಳುವವರು ಒಬ್ಬರೇ, ಅವರು ಬೇಡ ಅಂದರೆ ತಿನ್ನಲೂ ಬರಲ್ಲ, ಒಣಗಿಸಲೂ ಬರಲ್ಲ' ಅಂತ ಬಿಟ್ಟರು. ಅವರ ಭಯ ಸುಳ್ಳಲ್ಲ. ಕನ್ನಡ ಪತ್ರಿಕೆ ವೈನ್ ಬಗ್ಗೆ ಬರೆಯುವಾಗ ಇದೂ ಒಂದು ಸಾಲು ಬರಬೇಕು ಅಲ್ವಾ?

2022ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ದೊಡ್ಡ ಅಂಗಡಿಗಳಲ್ಲೂ ವೈನ್ ಮಾರಲು ಬಿಡುವ ನಿರ್ಧಾರ ಮಾಡಿದಾಗ ಎಷ್ಟು ಗಲಾಟೆ ಆಯಿತು, ನಿಮಗೂ ನೆನಪಿರಬಹುದು. ಅಣ್ಣಾ ಹಜಾರೆಯವರು ವಿರೋಧಿಸಿದರು. ನನಗೆ ಅವರ ಮಾತಿನಲ್ಲೂ ಸತ್ಯ ಕಂಡಿತ್ತು. ಅಕ್ಕಿ, ಬೇಳೆ ಪಕ್ಕದಲ್ಲಿ ಬಾಟಲಿ ಇಡುವುದು ನನಗೂ ಬೇಡ. ಮಕ್ಕಳು ಬರುವ ಜಾಗ ಅದು. ನನ್ನ ಬೇಡಿಕೆ ಅಂಗಡಿಯದ್ದಲ್ಲ, ತಿಳಿವಳಿಕೆಯದ್ದು.

ವೈನ್ ಹೃದಯಕ್ಕೆ ಒಳ್ಳೆಯದು ಅಂತ ನಿಮ್ಮ ಲೇಖನದ ಕೊನೆಯಲ್ಲಿ ಇತ್ತು. ಅದನ್ನು ದಯವಿಟ್ಟು ತಿದ್ದಿ. ಕುಡಿತದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಿಲ್ಲ. ನಾವು ಕುಡಿಯುವುದು ರುಚಿಗೆ, ಔಷಧಿಗಲ್ಲ. 750 ಮಿಲಿಲೀಟರ್ ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಗ್ಲಾಸು. ಶುಕ್ರವಾರ ಇಬ್ಬರಿಗೆ ಒಂದೊಂದು, ಶನಿವಾರ ಒಂದೊಂದು, ಉಳಿದ ಒಂದನ್ನು ಭಾನುವಾರ ಹಂಚಿಕೊಳ್ಳುತ್ತೇವೆ. ಸೋಮವಾರ ಬಾಟಲಿ ತೊಳೆದು ಗುಜರಿಯವನಿಗೆ. ಮೊದಲ ವಾರವೇ ಅಳತೆಯ ಲೋಟದಿಂದ 150 ಅಳೆದು ಗ್ಲಾಸಿಗೆ ಹೊಯ್ದು ಎಲ್ಲಿಗೆ ಬರುತ್ತದೆ ಅಂತ ಕಣ್ಣಿಗೆ ರೂಢಿ ಮಾಡಿಕೊಂಡೆ. ದೊಡ್ಡಪ್ಪನ ನೆನಪು ನನ್ನ ಕೈ ಹಿಡಿಯುತ್ತದೆ. ಹಿಡಿಯಲಿ.

ಶ್ರಾವಣದಲ್ಲಿ ಮೀನೂ ಇಲ್ಲ, ವೈನೂ ಇಲ್ಲ. ಅದಕ್ಕೂ ಮೊದಲು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಕೆಸುವಿನ ಎಲೆ ತರುತ್ತೇನೆ. ಪತ್ರೊಡೆ ಮಾಡಿ ತುಂಡು ಮಾಡಿ ಕಾವಲಿ ಮೇಲೆ ಕಾಯಿಸಿದರೆ ಅಂಚು ಕೆಂಪಗೆ ಗರಿಯಾಗುತ್ತದೆ. ಬೆಲ್ಲ, ಹುಳಿ, ಖಾರ ಮೂರೂ ಇರುವ ಅಡುಗೆ. ಹೊರಗೆ ಜೋರು ಮಳೆ. ಅದಕ್ಕೆ ಸಣ್ಣಗೆ ಸಿಹಿ ಇರುವ ತಣ್ಣಗಿನ ಬಿಳಿ ವೈನ್ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ನನ್ನ ನೋಟ್‌ಬುಕ್ಕಿನಲ್ಲಿ ಆ ಪುಟದಲ್ಲಿ ಬೇರೇನೂ ಬರೆದಿಲ್ಲ, 'ಮತ್ತೆ ಮಾಡು' ಅಂತ ಮಾತ್ರ ಇದೆ.

ಸಂಪಾದಕರೇ, ತಿಂಗಳಿಗೊಮ್ಮೆ ಅರ್ಧ ಕಾಲಂ ಕೊಡಿ. ಮುಂಬೈ, ಪುಣೆಯ ಕನ್ನಡ ಮನೆಗಳಲ್ಲಿ ನನ್ನ ಹಾಗೆ ಬಚ್ಚಿಟ್ಟುಕೊಳ್ಳದೆ, ಬೀಗದೆ, ಊಟದ ಜೊತೆ ಒಂದು ಗ್ಲಾಸು ಇಡುವವರು ಬಹಳ ಇದ್ದಾರೆ. ಧಾರವಾಡದವರು ಒಂದು ಅಡುಗೆ ಹೇಳಲಿ, ಕಾರವಾರದವರು ಒಂದು ಹೇಳಲಿ. ಗೋವಾದಲ್ಲಿರುವ ನಮ್ಮವರು ಅಲ್ಲಿನ ಸಿಹಿ ಪೋರ್ಟ್ ವೈನಿಗೆ ಏನು ಮಾಡಿಕೊಳ್ಳುತ್ತಾರೆ ಅಂತ ತಿಳಿಯಲು ನನಗೆ ತುಂಬಾ ಆಸೆ.

ನನ್ನದೊಂದು ಪ್ರಶ್ನೆಯನ್ನೂ ಅದರಲ್ಲಿ ಹಾಕಿ. ಪುಂಡಿಪಲ್ಯಕ್ಕೆ 11 ವರ್ಷದಲ್ಲಿ ನನಗೆ ಜೊತೆ ಸಿಕ್ಕಿಲ್ಲ. ಆ ಸೊಪ್ಪಿನ ಹುಳಿ ಎಲ್ಲ ವೈನನ್ನೂ ಸಪ್ಪೆ ಮಾಡಿಬಿಡುತ್ತದೆ. ಸೊವಿನ್ಯೋ ಬ್ಲಾಂಕ್ ಸೋತಿತು, ರೋಸೆಯೂ ಸೋತಿತು. ಜೋಳದ ನುಚ್ಚು ಜಾಸ್ತಿ ಹಾಕಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ನೋಡಿದೆ, ಸ್ವಲ್ಪ ಸುಧಾರಿಸಿತು, ಅಷ್ಟೇ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಲಿ. ಮುಂದಿನ ತಿಂಗಳು ಮೈದುನ ಬರುವಾಗ ಊರಿನಿಂದ ಪುಂಡಿ ಸೊಪ್ಪು ತರುತ್ತಾರೆ.

ನಿಮ್ಮ ಓದುಗಾರ್ತಿ,
ಬೊರಿವಲಿ ಪಶ್ಚಿಮ, ಮುಂಬೈ